ಆ ಉದ್ದ ಕಿವಿ ಹೆಣ್ಣನ್ನ ಯಾರಿಗೂ ಕೊಡ್ಬೇಡಿ (ಸಂಪಾದಕರ ಉತ್ತರ)

ನಿಮ್ಮ ಪತ್ರ ಎರಡು ಸಲ ಓದ್ದೆ. ನಿಮ್ಮ ಹತ್ರ ಒಂದು ಜೊತೆ ನೆದರ್‌ಲ್ಯಾಂಡ್ ಡ್ವಾರ್ಫ್ ಅನ್ನೋ ಪುಟ್ಟ ತಳಿ ಮೊಲ ಇದೆ, ಎರಡೂ ಮೊಲದ ಶೋನಲ್ಲಿ ಗೆದ್ದಿರೋವು. ಮೊದಲ್ನೇ ಸೂಲಲ್ಲಿ ಮೂರು ಮರಿ ಹುಟ್ಟಿ ಮೂರೂ ಚೆನ್ನಾಗಿ ಬೆಳೆದ್ವು, ಎರಡನೇ ಸೂಲಲ್ಲಿ ಐದು ಹುಟ್ಟಿ ಅದ್ರಲ್ಲಿ ತೀರಾ ಸಣ್ಣ ಇದ್ದ ಎರಡು ಮೂರನೇ ದಿನಕ್ಕೆ ಹೋಗ್ಬಿಟ್ವು. ಮಧ್ಯದಲ್ಲಿ ಪೆಲೆಟ್ (ಗುಳಿಗೆ ಥರದ ಮೇವು) ಬದಲಾಯಿಸಿದ್ರಿ, ಅದ್ರಿಂದ ಹೀಗಾಯ್ತಾ, ಇಲ್ಲಾ ಗಂಡಲ್ಲೇ ದೋಷ ಇದ್ಯಾ, ಅದನ್ನ ಬಿಟ್ಬಿಡ್ಲಾ ಅಂತ ಕೇಳಿದೀರಿ. ಕೊನೇಲಿ ಒಂದು ಸಾಲು, ಮೊದಲ್ನೇ ಸೂಲಿನ ಒಂದು ಹೆಣ್ಣು ಕಿವಿ ಉದ್ದ ಆಗಿ ಮೈ ದೊಡ್ಡದಾಗಿ ಶೋಗೆ ಬರಲ್ಲ, ಯಾರಿಗಾದ್ರೂ ಕೊಡ್ತೀನಿ ಅಂತ. ಈ ಕೊನೇ ಸಾಲು ಓದಿನೇ ಇಷ್ಟುದ್ದ ಉತ್ತರ ಬರಿಯೋಕೆ ಕೂತಿದ್ದು.

ಪೆಲೆಟ್ ಮೇಲೆ ತಪ್ಪು ಹೊರಿಸ್ಬೇಡಿ, ನಿಮ್ಮ ಮೇಲಂತೂ ಬೇಡವೇ ಬೇಡ. ನೀವು ಬರ್ದಿರೋ ಗುರುತು ನೋಡಿ, ತಲೆ ಉಬ್ಬಿತ್ತು, ಕಿವಿ ಅಂದ್ರೆ ಎರಡು ಚುಕ್ಕೆ ಥರ ಹಿಂದಕ್ಕೆ ಅಂಟ್ಕೊಂಡಿತ್ತು, ಸೊಂಟದಿಂದ ಕೆಳಗೆ ಒಣಗಿದ ಹಾಗೆ ಸಣ್ಣಕಿತ್ತು, ಹೊಟ್ಟೇಲಿ ಹಾಲು ಕಾಣ್ತಿತ್ತು ಆದ್ರೂ ಉಳೀಲಿಲ್ಲ. ಇವನ್ನೇ ಮೊಲ ಸಾಕೋರು ಪೀನಟ್ ಅನ್ನೋದು. ನಾನೂ ಶುರುವಲ್ಲಿ ಇಂಥದ್ದೊಂದನ್ನ ರಾತ್ರಿಯೆಲ್ಲಾ ಅಂಗೈಯಲ್ಲಿ ಇಟ್ಕೊಂಡು ಬೆಚ್ಚಗೆ ಮಾಡ್ತಾ ಕೂತಿದ್ದೆ, ಬೆಳಗಿನ ಜಾವದವರೆಗೂ ಅದು ಬಾಯಿ ಆಡಿಸ್ತಾನೇ ಇತ್ತು, ಆಮೇಲೆ ನಿಂತೋಯ್ತು. ಆಗ ಯಾರಾದ್ರೂ ಈ ಲೆಕ್ಕ ಹೇಳಿದ್ರೆ ತಿಂಗಳುಗಟ್ಟಲೆ ನನ್ನನ್ನೇ ಬೈಕೊಳ್ತಾ ಇರ್ತಿರ್ಲಿಲ್ಲ.

ಲೆಕ್ಕ ಏನಪ್ಪಾ ಅಂದ್ರೆ, ಈ ಮೊಲಗಳನ್ನ ಕುಳ್ಳ ಮಾಡೋದು ಮುಖ್ಯವಾಗಿ ಒಂದೇ ಜೀನ್. ಎಚ್‌ಎಂಜಿಎ2 ಅಂತ ಅದರ ಹೆಸರು, ಮೈ ಬೆಳವಣಿಗೆಗೆ ಬೇಕಾದ್ದು. ಆ ಜಾಗದಲ್ಲಿ ಸುಮಾರು 12.1 ಕಿಲೋಬೇಸ್ (12,100 ಅಕ್ಷರದಷ್ಟು) ಉದ್ದದ ಡಿಎನ್‌ಎ ತುಂಡೇ ಬಿದ್ದೋಗಿ ಜೀನ್ ಕೆಲಸ ಮಾಡಲ್ಲ, ಇದು 2017ರಲ್ಲಿ ಗೊತ್ತಾಯ್ತು. ಪ್ರತಿ ಮರಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಈ ಜೀನಿನ ಎರಡು ಪ್ರತಿ ಬರುತ್ತಲ್ಲ, ಒಂದು ಕೆಟ್ಟು ಇನ್ನೊಂದು ಸರಿ ಇದ್ರೆ ಅದು ಟ್ರೂ ಡ್ವಾರ್ಫ್, ಗುಂಡು ಮುಖ ಪುಟ್ಟ ಕಿವಿ, ಶೋ ಟೇಬಲ್ ಮೇಲೆ ಕೂರೋದು. ಎರಡೂ ಸರಿ ಇದ್ರೆ ಫಾಲ್ಸ್ ಡ್ವಾರ್ಫ್, ನಿಮ್ಮ ಆ ಉದ್ದ ಕಿವಿ ಹೆಣ್ಣಿನ ಥರದ್ದು. ಎರಡೂ ಕೆಟ್ಟಿದ್ರೆ ಪೀನಟ್, ಅದು ಬದುಕಲ್ಲ, ಕೆಲವು ದಿನದಲ್ಲೇ ಹೋಗುತ್ತೆ, ನೀವು ಏನೇ ಕುಡಿಸಿದ್ರೂ ಅಷ್ಟೇ. ಹುಟ್ಟಿದಾಗ ಮಾಮೂಲಿ ಮರಿಗೆ ಹೋಲಿಸಿದ್ರೆ ಟ್ರೂ ಡ್ವಾರ್ಫ್ ಮರಿ ಮೂರರಲ್ಲಿ ಎರಡು ಪಾಲು ಇರುತ್ತೆ, ಪೀನಟ್ ಮೂರರಲ್ಲಿ ಒಂದು ಪಾಲು.

ಹಾಗಾಗಿ ಪೀನಟ್ ಹುಟ್ಟಿದೆ ಅಂದ್ರೆ ಅಪ್ಪ ಅಮ್ಮ ಇಬ್ರೂ ಟ್ರೂ ಡ್ವಾರ್ಫ್ ಅಂತ ಖಾತ್ರಿ ಆದ ಹಾಗೆ, ಗಂಡೊಂದನ್ನೇ ಹೊರಗೆ ಹಾಕೋದ್ರಲ್ಲಿ ಅರ್ಥನೇ ಇಲ್ಲ. ಮೊದಲ್ನೇ ಸೂಲಲ್ಲಿ ಯಾಕೆ ಹುಟ್ಟಲಿಲ್ಲ ಅಂತೀರಾ? ಎರಡು ಟ್ರೂ ಡ್ವಾರ್ಫ್ ಕೂಡಿಸಿದಾಗ ಪ್ರತಿ ಮರಿಗೂ ಪೀನಟ್ ಆಗೋ ಛಾನ್ಸ್ ನಾಲ್ಕಕ್ಕೆ ಒಂದು, ಮೂರು ಮರಿಲಿ ಒಂದೂ ಪೀನಟ್ ಇಲ್ದೆ ಇರೋ ಛಾನ್ಸ್ ಶೇಕಡ 42ರಷ್ಟಿದೆ. ಅಂದ್ರೆ ಅದೇನೂ ಅಪರೂಪ ಅಲ್ಲ, ಪೆಲೆಟ್ ಬದಲಾಗಿದ್ದು ಮಧ್ಯದಲ್ಲಿ ಬಂತು ಅಷ್ಟೇ.

ಒಂದು ಮಾತು ಮಾತ್ರ, ಸಣ್ಣಗೆ ಹುಟ್ಟಿದ್ದೆಲ್ಲಾ ಪೀನಟ್ ಅಲ್ಲ. ಆಕಾರ ಸರಿ ಇದ್ದು ಬರೀ ಸಣ್ಣಕಿದ್ರೆ, ಹೊಟ್ಟೆ ಒಳಗೆ ಹೋಗಿದ್ರೆ, ಅದು ಹಾಲು ಸಿಗದ ಬಡಕಲು ಮರಿ. ತಾಯಿ ದಿನಕ್ಕೆ ಒಂದೋ ಎರಡೋ ಸಲ, ಅದೂ ಕೆಲವೇ ನಿಮಿಷ ಹಾಲು ಕೊಡೋದು, ಆ ಹೊತ್ತಲ್ಲಿ ದೊಡ್ಡವು ತಳ್ಳಿಬಿಡ್ತವೆ. ಇಂಥದ್ದನ್ನ ಒಂದೇ ಒಂದಾಗಿ ತಾಯಿ ಹೊಟ್ಟೆಗೆ ಹಿಡಿದ್ರೆ ಎಷ್ಟೋ ಸಲ ಉಳ್ಕೊಳ್ಳುತ್ತೆ, ಕೈ ಬಿಡ್ಬೇಡಿ.

ಈಗ ಆ ಉದ್ದ ಕಿವಿ ಹೆಣ್ಣಿನ ವಿಷ್ಯಕ್ಕೆ ಬರ್ತೀನಿ. ಫಾಲ್ಸ್ ಅಂತ ಹೆಸರು ಬಿದ್ದು ಅದಕ್ಕೆ ತುಂಬಾ ಅನ್ಯಾಯ ಆಗಿದೆ, ಜನ ಅದನ್ನ ಕೆಟ್ಟ ಮಾಲು ಅನ್ಕೋತಾರೆ. ನೆದರ್‌ಲ್ಯಾಂಡ್ ಡ್ವಾರ್ಫ್‌ನ ಪುಟ್ಟತನ ಆ ಒಂದು ಜೀನ್‌ನಿಂದಷ್ಟೇ ಬಂದಿದ್ದಲ್ಲ, ಬೇರೆ ಎಷ್ಟೋ ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರಿ ಅದನ್ನ ಇಳಿಸಿವೆ, ಸಾಕೋರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಸೇರಿಸಿರೋವು ಅವು. ನಿಮ್ಮ ಹೆಣ್ಣಲ್ಲೂ ಅದರ ಅಪ್ಪ ಅಮ್ಮನಿಂದ ಆ ಗುಣ ಬಂದಿರುತ್ತೆ, ಇಲ್ಲದೇ ಇರೋದು ಆ ಕೆಟ್ಟ ಪ್ರತಿ ಒಂದೇ. ಅದಕ್ಕೇ ಫಾಲ್ಸ್ ಡ್ವಾರ್ಫ್ ಕೂಡ ಬೇರೆ ತಳಿಗಿಂತ ಚಿಕ್ಕದಾಗೇ ಇರುತ್ತೆ.

ಈಗ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಟ್ರೂಗೆ ಟ್ರೂ ಕೂಡಿಸಿ ಎಂಟು ಮರಿ ಬಂದ್ರೆ ಸರಾಸರಿ ನಾಲ್ಕು ಟ್ರೂ, ಎರಡು ಫಾಲ್ಸ್, ಎರಡು ಪೀನಟ್. ಟ್ರೂ ಗಂಡಿಗೆ ಫಾಲ್ಸ್ ಹೆಣ್ಣು ಕೂಡಿಸಿ ಎಂಟು ಬಂದ್ರೆ ನಾಲ್ಕು ಟ್ರೂ, ನಾಲ್ಕು ಫಾಲ್ಸ್. ಶೋಗೆ ಬೇಕಾದ ಟ್ರೂ ಎರಡು ಕಡೆನೂ ನಾಲ್ಕೇ! ಟ್ರೂಗೆ ಟ್ರೂ ಕೂಡಿಸಿ ನೀವು ಒಂದೇ ಒಂದು ಶೋ ಮರಿನೂ ಜಾಸ್ತಿ ಪಡೀಲಿಲ್ಲ, ಬದುಕಬೇಕಾದ ಎರಡರ ಜಾಗದಲ್ಲಿ ಸಾಯೋ ಎರಡು ಬಂದ್ವು ಅಷ್ಟೇ. ನನಗಂತೂ ಇದು ಗೊತ್ತಾದ ಮೇಲೆ ಬೇಕಂತ ಟ್ರೂಗೆ ಟ್ರೂ ಕೂಡಿಸೋಕೆ ಮನಸ್ಸು ಬಂದಿಲ್ಲ.

ಇನ್ನೊಂದು, ಫಾಲ್ಸ್ ಹೆಣ್ಣಿನ ಸೊಂಟ ಅಗಲ, ಮರಿ ಹಾಕೋದು ಸಲೀಸು. ನನ್ನದೊಂದು ಗೆದ್ದ ಹೆಣ್ಣು, ಬರೀ 900 ಗ್ರಾಂ ಇದ್ದದ್ದು, ಹೊಟ್ಟೇಲಿ ಒಂದೇ ಮರಿ ದಪ್ಪಕ್ಕೆ ಬೆಳ್ದು ಸಿಕ್ಕಾಕೊಂಡು ತಾಯಿ ಮರಿ ಎರಡೂ ಹೋದ್ವು. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಒಂದು ತಪ್ಪು ತಿಳುವಳಿಕೆನೂ ಇದೆ, ಫಾಲ್ಸ್‌ನಲ್ಲಿ ಕುಳ್ಳ ಜೀನ್ (ಆ ಕೆಟ್ಟ ಪ್ರತಿ) ಅಡಗಿರುತ್ತೆ, ಮುಂದೆ ಯಾವಾಗಾದ್ರೂ ಹೊರಗೆ ಬರುತ್ತೆ ಅಂತ. ಇಲ್ಲ, ಅದರಲ್ಲಿ ಆ ಜೀನ್ ಇಲ್ಲವೇ ಇಲ್ಲ. ಫಾಲ್ಸ್‌ಗೆ ಫಾಲ್ಸ್ ಕೂಡಿಸಿದ್ರೆ ಎಲ್ಲಾ ಫಾಲ್ಸೇ ಹುಟ್ಟೋದು, ಹಾಗಾಗಿ ಗಂಡು ಟ್ರೂ ಆಗಿರ್ಲೇಬೇಕು. ಹೆಸರು ನಂಬಿ ಮೋಸ ಹೋಗೋದೂ ಇದೆ, ಅಮೆರಿಕದ ಜೋತು ಕಿವಿ ತಳಿ ಮಿನಿ ಲಾಪ್‌ಗೆ ಮಿನಿ ಅಂತ ಹೆಸರಿದ್ರೂ ಕುಳ್ಳ ಜೀನ್ ಇಲ್ಲ, ಹಾಲೆಂಡ್ ಲಾಪ್‌ಗೆ ಇದೆ.

ಶೋ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎ.ಆರ್.ಬಿ.ಎ. (ಅಮೆರಿಕದ ಮೊಲ ಸಾಕೋರ ಸಂಘ) ಸ್ಟ್ಯಾಂಡರ್ಡ್ ಪ್ರಕಾರ ನೆದರ್‌ಲ್ಯಾಂಡ್ ಡ್ವಾರ್ಫ್ ತೂಕ ಎರಡೂವರೆ ಪೌಂಡ್, ಅಂದ್ರೆ ಸುಮಾರು 1.13 ಕೆಜಿ ದಾಟಬಾರದು, ಕಿವಿ ಎರಡೂವರೆ ಇಂಚು ದಾಟಬಾರದು, ಎರಡು ಇಂಚು ಇದ್ರೆ ಚೆಂದ. ಆ ಹೆಣ್ಣು ಇದ್ರೊಳಗೆ ಬರಲ್ಲ ಅಂತ ಗೊತ್ತು, ಅದನ್ನ ಟೇಬಲ್‌ಗೆ ಒಯ್ಯೋದೂ ಬೇಡ. ಮನೇಲಿ ಕೂರಿಸಿ ನೋಡಿ, ತಲೆ ಗುಂಡಗಿದ್ಯಾ, ಭುಜ ಅಗಲ ಇದ್ಯಾ, ಬೆನ್ನು ಗಿಡ್ಡ ಇದ್ಯಾ, ಕಿವಿ ಉದ್ದ ಇದ್ರೂ ದಪ್ಪ ಇದ್ಯಾ. ತುಟಿ ಬಿಡಿಸಿ ಹಲ್ಲು ನೋಡಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಸರಿಯಾಗಿ ಕೂರಬೇಕು. ಹಲ್ಲು ತಪ್ಪಿದ್ರೆ ಮಾತ್ರ ಮರಿ ಹಾಕಿಸ್ಬೇಡಿ, ಪೆಟ್ಟು ಬಿದ್ದು ಆಗಿದ್ದಲ್ಲ ಅಂದ್ರೆ ಅದು ಮಕ್ಕಳಿಗೂ ಹೋಗುತ್ತೆ.

ಇದೆಲ್ಲಾ ಸರಿ ಇದ್ರೆ ಅದಕ್ಕೆ ಆರು ತಿಂಗಳು ತುಂಬಲಿ, ಬೇರೆ ಮನೆತನದ ಒಳ್ಳೇ ಟ್ರೂ ಗಂಡು ನೋಡಿ ಕೂಡಿಸಿ. ಕೂಡಿಸಿದ ತಾರೀಕು ಬರ್ದಿಡಿ, 31 ದಿನದ ಆಸುಪಾಸಲ್ಲಿ ಹಾಕುತ್ತೆ. ಹುಟ್ಟಿದ ದಿನಾನೇ ಪ್ರತಿ ಮರಿನೂ ಗ್ರಾಂ ತಕ್ಕಡೀಲಿಟ್ಟು ತೂಕ ಬರ್ಕೊಳ್ಳಿ, ಎರಡು ಗುಂಪು ಬೇರೆ ಬೇರೆ ಕಾಣ್ಬೇಕು. ಆ ಅಂಕಿ ನನಗೆ ಕಳಿಸಿ, ಮುಂದಿನ ಪತ್ರದಲ್ಲಿ ಯಾವ್ದು ಟ್ರೂ ಯಾವ್ದು ಫಾಲ್ಸ್ ಅಂತ ಕೂತು ನೋಡೋಣ.