ಮಾತುಕತೆಯಿಂದ ಯಾವ ಜಗಳವಾದರೂ ನಿಂತಿದೆಯಾ?

"ದೇಶ ದೇಶಗಳ ಮಾತುಕತೆ ಅಂದರೆ ಫೋಟೋಗೆ ಕೈಕುಲುಕೋದು ಅಷ್ಟೇ ಅಲ್ವಾ?" ಎಂದು ಕೇಳಿದ್ದೀರಿ. ನಾನು ರಾಯಭಾರಿ ಅಲ್ಲ, ರಾಯಚೂರು ಜಿಲ್ಲೆಯ ಸಿರವಾರ ಕಡೆಯ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ನೀರಿನ ಜಗಳ ನೋಡುತ್ತಲೇ ತಲೆ ನೆರೆತಿದೆ.

ಈ ಕಾಲುವೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದಲ್ಲಿ ಭತ್ತ ಜಾಸ್ತಿಯಾಯಿತು, ನಮ್ಮ ತನಕ ಬರೋದು ಬರೀ ಕೆಸರು. ರಸ್ತೆ ತಡೆ ಮಾಡಿದೆವು. ಭರವಸೆ ಸಿಕ್ಕಿತು, ನೀರು ಸಿಗಲಿಲ್ಲ. ಒಂದು ರಾತ್ರಿ ನಮ್ಮ ಹುಡುಗರು ಮೇಲಿನ ಊರಿನವರ ಪೈಪು ಒಡೆದರು. ಬೆಳಗಾದರೆ ಎರಡೂ ಊರಿನವರ ಕೈಯಲ್ಲಿ ಬಡಿಗೆ.

ಬಿಡಿಸಿದ್ದು ನಮ್ಮ ಕಾಕಾ. ಅವರ ಮಗಳನ್ನು ಅದೇ ಊರಿಗೆ ಕೊಟ್ಟಿದ್ದಾರೆ. ಬೀಗರ ಮನೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಅರ್ಧ ಗಂಟೆ ನೀರಿನ ಸುದ್ದಿಯನ್ನೇ ಎತ್ತಲಿಲ್ಲ. ನನಗೋ ಒಳಗೊಳಗೇ ಸಿಟ್ಟು. ಆಮೇಲೆ ಮೆಲ್ಲಗೆ ಕೇಳಿದರು: "ಹೊಲ ತುಂಬಿದ ಮೇಲೂ ತೂಬು ಯಾಕ ಮುಚ್ಚೋದಿಲ್ರಿ?"

"ಮುಚ್ಚಿದ್ರ ಮುಂದಿನ ಸರದಿಗೆ ನೀರು ಬರ್ತದೋ ಇಲ್ಲೋ, ಯಾರು ಕಂಡಾರ್ರಿ?" ಎಂದರು ಬೀಗರು.

ಅವರಿಗೆ ಇದ್ದದ್ದು ಭಯ. ನಾವು ಇಷ್ಟು ವರ್ಷ ಅದನ್ನು ಸೊಕ್ಕು ಎಂದುಕೊಂಡಿದ್ದೆವು.

ಅಂದಿನಿಂದ ಊರಿಗೆ ಇಬ್ಬರಂತೆ ನಾಲ್ಕು ಜನ ರಾತ್ರಿ ಕಾಲುವೆಯ ನೀರಿನ ಮಟ್ಟ ತೋರಿಸೋ ಒಂದೇ ಗೇಜ್ ಹತ್ತಿರ ಕೂತೆವು. ಗಂಟೆಗೊಮ್ಮೆ ಬ್ಯಾಟರಿ ಬಿಟ್ಟು ಅಂಕಿ ನೋಡೋದು, ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕೋದು. ಮೊದಲ ರಾತ್ರಿ ಯಾರೂ ಮಾತಾಡಲಿಲ್ಲ. ಮೂರನೇ ರಾತ್ರಿ ಅವರೇ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದರು.

ಸಿಂಧೂ ನದಿಯ ವಿಷಯದಲ್ಲಿ ನನಗೆ ಹಿಡಿಸಿದ್ದೂ ಇಂಥದ್ದೇ. ಭಾರತ, ಪಾಕಿಸ್ತಾನ ಎರಡೂ ಸೇರಿ ನದಿ ನೋಡಿಕೊಳ್ಳಲಿ ಎಂಬ ಸಲಹೆ 1951ರಲ್ಲಿ ಬಂತು. ಅದು ಆಗದ ಮಾತು ಎಂದು ಗೊತ್ತಾದಾಗ ನಡುವೆ ನಿಂತಿದ್ದ ವಿಶ್ವಬ್ಯಾಂಕ್ ದಾರಿಯನ್ನೇ ಬದಲಿಸಿತು: ಹಂಚಿಕೊಳ್ಳಿ. 1960ರ ಒಪ್ಪಂದದಲ್ಲಿ ಪೂರ್ವದ 3 ನದಿ ನಮಗೆ, ಪಶ್ಚಿಮದ 3 ಅವರಿಗೆ. ನೀರಿನ ಲೆಕ್ಕ ಕೊಟ್ಟು ತಗೊಳ್ಳೋಕೆ ಎರಡೂ ಕಡೆ ಒಬ್ಬೊಬ್ಬ ಆಯುಕ್ತರು. 1965, 1971ರ ಯುದ್ಧದಲ್ಲೂ ಅದು ಮುರಿಯಲಿಲ್ಲ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ತಡೆಹಿಡಿಯಿತು. ಶಾಶ್ವತ ಅಂತ ಯಾರೂ ಹೇಳೋಕಾಗಲ್ಲ. ಆದರೂ ಆರು ದಶಕ ನಡೆದದ್ದು ಸುಮ್ನೆ ಅಲ್ಲ.

ನಮ್ಮದೂ ಪೂರ್ತಿ ಮುಗಿದಿಲ್ಲ ಬಿಡಿ. ಒಡೆದ ಪೈಪಿನ ದುಡ್ಡು ಇನ್ನೂ ನಮ್ಮ ಊರಿನ ಮೇಲೇ ಇದೆ. ಪ್ರತಿ ಹಬ್ಬಕ್ಕೂ ಕಾಕಾ ನೆನಪು ಮಾಡುತ್ತಾರೆ.