ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಮುನ್ನ ಕಾಲೇಜು ಬೇಸ್‌ಬಾಲ್ ಪಿಚರ್‌ನ (ಚೆಂಡು ಎಸೆಯುವವನ) ಬಗ್ಗೆ ವರದಿ ಬರೆಯುವಾಗ ವೇಗಕ್ಕೆ ಹೆಚ್ಚು ತೂಕ ಕೊಡಬೇಕೇ, ಚೆಂಡಿನ ಸ್ಪಿನ್‌ಗೆ (ತಿರುಗುವಿಕೆಗೆ) ಕೊಡಬೇಕೇ?

ನೀವು ನೋಡಲು ಹೊರಟಿರುವ ಹುಡುಗ ಬರುವ ಶುಕ್ರವಾರ ಎಸೆಯುತ್ತಾನೆ, ಅವನ ಎರಡು ವಿಡಿಯೊ ನಿಮ್ಮ ಬಳಿ ಇವೆ ಎಂದು ಬರೆದಿದ್ದೀರಿ. ಅವನಂಥವನೇ ಒಬ್ಬ ನನಗೂ ಸಿಕ್ಕಿದ್ದ. ಬಲಗೈ ಪಿಚರ್, ಗಂಟೆಗೆ 95 ಮೈಲಿ ವೇಗ, ಶುಕ್ರವಾರ ರಾತ್ರಿಯ ಪಂದ್ಯ. 2017ರ ಏಪ್ರಿಲ್, ನಾರ್ತ್ ಕ್ಯಾರೊಲಿನಾ. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ, ವಾರಾಂತ್ಯದಲ್ಲಿ ಒಂದು ವೃತ್ತಿಪರ ತಂಡದ ಪ್ರಾದೇಶಿಕ ಸ್ಕೌಟ್‌ಗೆ (ಹೊಸ ಪ್ರತಿಭೆಗಳನ್ನು ಹುಡುಕುವವರಿಗೆ) ನೆರವಾಗುತ್ತಿದ್ದೆ. ಕಾಲೇಜು ತಂಡಗಳು ತಮ್ಮ ಅತ್ಯುತ್ತಮ ಪಿಚರ್‌ನನ್ನು ಶುಕ್ರವಾರಕ್ಕೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದಿನ ಸಾಲುಗಳಲ್ಲಿ ವೇಗ ಅಳೆಯುವ ರೇಡಾರ್ ಗನ್ ಹಿಡಿದವರೇ ತುಂಬಿದ್ದರು.

ಮೊದಲ ನಾಲ್ಕು ಇನ್ನಿಂಗ್ಸ್‌ಗಳಲ್ಲಿ (ಬೇಸ್‌ಬಾಲ್ ಪಂದ್ಯವೊಂದರಲ್ಲಿ ಸಾಮಾನ್ಯವಾಗಿ ಒಂಬತ್ತು ಇರುತ್ತವೆ) ಅವನು ಎಸೆದ ರೀತಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಚರ್ ಗ್ಲೌಸ್ ಹಿಡಿದಲ್ಲಿಗೇ ಚೆಂಡು ಬರುತ್ತಿತ್ತು, ಗ್ಲೌಸ್ ಅಲುಗುತ್ತಲೇ ಇರಲಿಲ್ಲ. ನಮ್ಮಲ್ಲಿ 20ರಿಂದ 80ರವರೆಗಿನ ಅಳತೆ ಬಳಸುತ್ತಾರೆ, 50 ಎಂದರೆ ಮೇಜರ್ ಲೀಗ್‌ನ (ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್‌ನ) ಸರಾಸರಿ. ಅವನ ಫಾಸ್ಟ್‌ಬಾಲ್‌ಗೆ 60, ಪಕ್ಕಕ್ಕೆ ಸರಿಯುವ ಎಸೆತವಾದ ಸ್ಲೈಡರ್‌ಗೆ 55, ನಿಯಂತ್ರಣಕ್ಕೆ 50 ಎಂದು ಬರೆದೆ. ಆರಂಭಿಕ ಪಿಚರ್, ಅಂದರೆ ಪಂದ್ಯ ಆರಂಭಿಸಿ ಹಲವು ಇನ್ನಿಂಗ್ಸ್ ಎಸೆಯಬಲ್ಲವನು ಎಂದೂ ಸೇರಿಸಿದೆ. ಮರುದಿನ ಮಧ್ಯಾಹ್ನ ಮೂರು ಗಂಟೆ ದೂರದ ಊರಿನಲ್ಲಿ ಇನ್ನೊಬ್ಬನನ್ನು ನೋಡಬೇಕಿತ್ತು. ನೋಡುವುದೆಲ್ಲ ಮುಗಿಯಿತು ಎಂದುಕೊಂಡು ನಾಲ್ಕನೇ ಇನ್ನಿಂಗ್ಸ್ ಆದ ಮೇಲೆ ಕಾರು ಹತ್ತಿದೆ.

ನಾನು ಮಾಡಿದ ತಪ್ಪು ಅದೊಂದೇ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪು ಕಾಣುತ್ತಿದೆ.

ಆ ನಾಲ್ಕು ಇನ್ನಿಂಗ್ಸ್‌ಗಳಲ್ಲಿ ಬೇಸ್ (ಓಡಿ ಬಂದ ಆಟಗಾರ ನಿಲ್ಲುವ ಗುರುತು) ಮೇಲೆ ಎದುರಾಳಿಯೇ ಇರಲಿಲ್ಲ. ಅಂದರೆ ಓಟಗಾರನ ಮೇಲೆ ಕಣ್ಣಿಟ್ಟು, ಚಿಕ್ಕ ಹೆಜ್ಜೆಯಲ್ಲಿ ಎಸೆಯಬೇಕಾದ ಸಂದರ್ಭ ಅವನಿಗೆ ಬಂದೇ ಇರಲಿಲ್ಲ. ಅದೇ ಬ್ಯಾಟರ್ ಮೂರನೇ ಸಲ ಎದುರು ನಿಂತಾಗ ಅವನು ಏನು ಮಾಡುತ್ತಾನೆ ಎಂಬುದೂ ತಿಳಿದಿರಲಿಲ್ಲ. ಎಂಬತ್ತನೇ ಎಸೆತದ ಅವನ ತೋಳನ್ನು ನಾನು ನೋಡಿರಲಿಲ್ಲ. ಇನ್ನೂ ದಣಿಯದ ತೋಳನ್ನಷ್ಟೇ ನೋಡಿ, ದಣಿದ ತೋಳಿನ ಬಗ್ಗೆ ತೀರ್ಪು ಕೊಟ್ಟಿದ್ದೆ. ಆರಂಭಿಕ ಪಿಚರ್ ಎಂದು ಬರೆಯುವುದೆಂದರೆ ದಣಿದ ತೋಳಿನ ಬಗ್ಗೆ ಬರೆಯುವುದೇ ಅಲ್ಲವೇ?

ಜೂನ್‌ನಲ್ಲಿ ತಂಡ ಅವನನ್ನು ಆಯ್ಕೆ ಮಾಡಿತು. ಮರುವರ್ಷವೇ ಮೊಣಕೈ ಲಿಗಮೆಂಟ್ ಹರಿಯಿತು. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಮೊದಲು ಮಾಡಿದ ಶಸ್ತ್ರಚಿಕಿತ್ಸೆಯೇ ಇವನಿಗೂ ಆಯಿತು. ಆಮೇಲೆ ಒಬ್ಬ ಹಿರಿಯ ಸ್ಕೌಟ್ ಆ ರಾತ್ರಿಯ ತಮ್ಮ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟರು. ಐದನೇ ಇನ್ನಿಂಗ್ಸ್‌ನ ವೇಗ: 91 ಮೈಲಿ. ಆರನೆಯದು: 88, 89. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, 'ಮೊಣಕೈ ಇಳಿಯುತ್ತಿದೆ, ಸ್ಲೈಡರ್ ಚಪ್ಪಟೆ, ಎಸೆತಕ್ಕೊಮ್ಮೆ ಕೈ ಕೊಡವುತ್ತಾನೆ' ಎಂದಿತ್ತು. ದಣಿವೇ ಬೇರೆ, ಗಾಯವೇ ಬೇರೆ, ನಿಜ. ಅಂದು ಕುಳಿತಿದ್ದರೆ ಗಾಯವನ್ನು ಮೊದಲೇ ಹಿಡಿಯುತ್ತಿದ್ದೆ ಎಂದು ನಾನು ಹೇಳುವುದಿಲ್ಲ. ಆದರೆ ಆರಂಭಿಕ ಪಿಚರ್ ಎಂದು ಖಂಡಿತ ಬರೆಯುತ್ತಿರಲಿಲ್ಲ.

ನನಗೆ ಹೆಚ್ಚು ನೋವಾದದ್ದಕ್ಕೆ ಇನ್ನೊಂದು ಕಾರಣವಿದೆ. ಮೈಸೂರಿನಲ್ಲಿ ಬೆಳೆದವನು ನಾನು. ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಹೊರಗುಳಿದಾಗ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ವೇಗದ ತೋಳಿನ ಬೆಲೆ ಏನೆಂದು ಚಿಕ್ಕಂದಿನಲ್ಲೇ ಕಂಡವನು ನಾನು, ಆದರೂ ಎದ್ದು ಬಂದೆ.

ಇನ್ನು ನಿಮ್ಮ ಪ್ರಶ್ನೆ. ವೇಗವೋ ಸ್ಪಿನ್ನೋ ಎಂಬುದು ನೀವು ತಲೆ ಕೆಡಿಸಿಕೊಳ್ಳಬೇಕಾದ ವಿಷಯವೇ ಅಲ್ಲ. ಅವೆರಡನ್ನೂ ಟ್ರ್ಯಾಕ್‌ಮ್ಯಾನ್ ಎಂಬ ಯಂತ್ರ ಪ್ರತಿ ಎಸೆತಕ್ಕೂ ಅಳೆದುಕೊಡುತ್ತದೆ, ಆ ಕಡತ ತಂಡದ ಬಳಿ ಈಗಾಗಲೇ ಇರುತ್ತದೆ. ಅದನ್ನೇ ನಕಲು ಮಾಡಿಕೊಡಲು ನಿಮ್ಮನ್ನು ಕಳುಹಿಸುವುದಿಲ್ಲ. ಎರಡು ವಿಡಿಯೊ ಇವೆ ಎಂದಿದ್ದೀರಿ. ಅವನ್ನು ಮುಚ್ಚಿಡಿ, ಮೊದಲು ಮೈದಾನಕ್ಕೆ ಹೋಗಿ. ಕಂಡದ್ದನ್ನು ಬರೆದ ಮೇಲೆ ಕಡತ ತೆರೆಯಿರಿ. ಅಂಕಿಗಳನ್ನು ಮೊದಲೇ ಓದಿದರೆ ಕಣ್ಣು ಅವನ್ನೇ ಹುಡುಕುತ್ತದೆ.

ಪಂದ್ಯಕ್ಕೆ ಮುಂಚೆ ಅವನು ತೋಳು ಬಿಸಿ ಮಾಡಿಕೊಳ್ಳುವಾಗಲೇ ಅಲ್ಲಿರಿ. ಮೊದಮೊದಲು ಪ್ಲೇಟ್ ಹಿಂದೆ ಕುಳಿತು ಚೆಂಡನ್ನು ಬಿಟ್ಟು ಕ್ಯಾಚರ್‌ನ ಗ್ಲೌಸನ್ನೇ ನೋಡಿ. ಆಮೇಲೆ ಮೂರನೇ ಬೇಸ್ ಕಡೆಗೆ ಹೋಗಿ, ಬಲಗೈ ಪಿಚರ್‌ನ ಎದೆ, ಮೊಣಕೈ ಎರಡೂ ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಬೇಸ್ ಮೇಲೆ ಓಟಗಾರ ಬಂದ ಕೂಡಲೇ ಸ್ಟಾಪ್‌ವಾಚ್ ಹಿಡಿಯಿರಿ. ಪಿಚರ್ ಕದಲಿದ ಕ್ಷಣದಿಂದ ಚೆಂಡು ಕ್ಯಾಚರ್ ಕೈ ಸೇರಲು 1.3 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಹಿಡಿದರೆ ಒಳ್ಳೆಯದು, ಓಟಗಾರನಿಗೆ ಮುಂದಿನ ಬೇಸ್‌ಗೆ ಓಡಲು ಹೆಚ್ಚು ಸಮಯ ಸಿಗುವುದಿಲ್ಲ. ಹಾಂ, ಕಾಲೇಜಿನಲ್ಲಿ ಲೋಹದ ಬ್ಯಾಟ್ ಎಂಬುದು ನೆನಪಿರಲಿ. ಹಿಡಿಕೆಯ ಬಳಿ ತಗುಲಿದ ಚೆಂಡೂ ಹಿಟ್ ಆಗಿಬಿಡುತ್ತದೆ. ಮರದ ಬ್ಯಾಟ್ ಆಗಿದ್ದರೆ ಮುರಿಯುತ್ತಿತ್ತು. ಅಂಥ ಹಿಟ್‌ಗಳನ್ನು ಅವನ ಲೆಕ್ಕಕ್ಕೆ ಬರೆಯಬೇಡಿ.

ಮೊಣಕೈ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿದ ಕೂಡಲೇ ಒಬ್ಬನನ್ನು ಕೈಬಿಡುವುದೂ ಅಷ್ಟೇ ಅನ್ಯಾಯ. ಪಿಚರ್ ತಾರಿಕ್ ಸ್ಕೂಬಲ್‌ಗೆ 2016ರಲ್ಲಿ ಕಾಲೇಜಿನಲ್ಲಿದ್ದಾಗಲೇ ಅದು ಆಗಿತ್ತು. 2018ರಲ್ಲಿ ಡೆಟ್ರಾಯಿಟ್ ತಂಡ ಅವರನ್ನು ಒಂಬತ್ತನೇ ಸುತ್ತಿನಲ್ಲಿ ಆರಿಸಿತು. 2024ರಲ್ಲಿ ಅವರಿಗೆ ಅಮೆರಿಕನ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು.

ನಿಮ್ಮ ಹುಡುಗ ಬರುವ ಶುಕ್ರವಾರ ಎಸೆಯುತ್ತಾನೆ ಎಂದಿದ್ದೀರಿ. ಶನಿವಾರಕ್ಕೆ ದೂರದ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ತರಬೇತುದಾರ ಬಂದು ಅವನ ಕೈಯಿಂದ ಚೆಂಡು ತೆಗೆದುಕೊಂಡು ಹೋಗುವವರೆಗೆ ಜಾಗ ಬಿಟ್ಟು ಏಳಬೇಡಿ.