ದಾ ನಾಂಗ್‌ನಲ್ಲಿ ಒಂದು ದಿನ: ನಾಲ್ಕು ಜಾಗದ ಓಟ ಬಿಡಿ, ಮೀ ಸನ್ ನೋಡಿ

ವಿಯೆಟ್ನಾಂಗೆ ಹೋಗುವ ನಮ್ಮವರು ಈಚೆಗೆ ತುಂಬಾ ಹೆಚ್ಚಿದ್ದಾರೆ. ಸಂತೋಷ. ಆದರೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ. ಸಿಮ್ ಕಾರ್ಡ್, ಸೂಟ್‌ಕೇಸ್ ವಿಷಯಕ್ಕೆ ಹೋಗುವುದಿಲ್ಲ. ಅವನ್ನು ಯಾರು ಬೇಕಾದರೂ ಹೇಳುತ್ತಾರೆ.

ಪ್ರಶ್ನೆ: ದಾವಣಗೆರೆಯಿಂದ ಐದು ಜನ ಹೋಗುತ್ತಿದ್ದೇವೆ. ಅಪ್ಪನಿಗೆ 68, ಅಮ್ಮನಿಗೆ 63. ದಾ ನಾಂಗ್‌ನಲ್ಲಿ ಮೂರು ರಾತ್ರಿ ಇರುತ್ತೇವೆ. ಒಂದೇ ದಿನದ ಗೈಡೆಡ್ ಟೂರ್‌ನಲ್ಲಿ ಬಾ ನಾ ಹಿಲ್ಸ್, ಮಾರ್ಬಲ್ ಮೌಂಟನ್ಸ್, ‘ಮೈ ಸನ್’ ದೇವಸ್ಥಾನ, ಹೊಯ್ ಆನ್ ನಾಲ್ಕೂ ತೋರಿಸುತ್ತೇವೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಎಲ್ಲವೂ ದಾ ನಾಂಗ್ ನಗರದ ಒಳಗೇ ಇವೆಯಂತೆ. ಒಪ್ಪಿಕೊಳ್ಳಬಹುದಾ?

ಬೇಡ. ಈ ಟೂರ್ ತಗೊಳ್ಳಬೇಡಿ.

ನಗರದ ಒಳಗೇ ಇವೆ ಅನ್ನುವ ಮಾತು ಕಾಗದದ ಮೇಲೆ ಸರಿ. 2025ರ ಜುಲೈ 1ರಿಂದ ಪಕ್ಕದ ಕ್ವಾಂಗ್ ನಾಮ್ ಪ್ರಾಂತ್ಯವನ್ನು ದಾ ನಾಂಗ್‌ಗೆ ಸೇರಿಸಿದ್ದಾರೆ. ಹಾಗಾಗಿ ಹಳೆಯ ಬಂದರು ಪಟ್ಟಣ ಹೊಯ್ ಆನ್ ಕೂಡ, ನೀವು ಹೇಳುವ ದೇವಸ್ಥಾನ ಕೂಡ ಈಗ ದಾ ನಾಂಗ್ ನಗರವೇ. ಆದರೆ ಗಡಿ ಬದಲಾದ ಮಾತ್ರಕ್ಕೆ ರಸ್ತೆ ಗಿಡ್ಡವಾಗುವುದಿಲ್ಲ. ಕಡಲ ತೀರದ ನಿಮ್ಮ ಹೋಟೆಲಿನಿಂದ ಆ ದೇವಸ್ಥಾನಕ್ಕೆ ಇವತ್ತಿಗೂ ಸುಮಾರು 70 ಕಿಲೋಮೀಟರ್. ಹೊಯ್ ಆನ್‌ನಿಂದ ಹೊರಟರೆ ಸುಮಾರು 40. ಬಾ ನಾ ಅನ್ನುವ ಮನರಂಜನಾ ತಾಣ ಇರುವುದು ಪಶ್ಚಿಮದ ಬೆಟ್ಟದ ಮೇಲೆ, ಬೇರೆಯೇ ದಿಕ್ಕಿನಲ್ಲಿ.

ಸುಮ್ನೆ ಗಂಟೆ ಕೂಡಿಸಿ ನೋಡಿ. ಬಾ ನಾಗೆ ಕೇಬಲ್ ಕಾರ್ ಕ್ಯೂ ಸೇರಿಸಿ ಆರು ಗಂಟೆ. ನೀವು ‘ಮೈ ಸನ್’ ಅನ್ನುವ ಮೀ ಸನ್‌ಗೆ ಹೋಗಿಬರಲು ಮೂರು, ನೋಡಲು ಮೂರು. ಮಾರ್ಬಲ್ ಬೆಟ್ಟ ಹತ್ತಿ ಗುಹೆ ನೋಡಲು ಎರಡು. ಹೊಯ್ ಆನ್‌ಗೆ ಮೂರು. ಊಟ, ಶೌಚಾಲಯ, ಅಪ್ಪನ ಸುಸ್ತು ಯಾವುದೂ ಸೇರಿಸದೆ ಹದಿನೇಳು ಗಂಟೆ ಆಯಿತು. ಅದನ್ನು ಹನ್ನೆರಡು ಗಂಟೆಗೆ ಇಳಿಸಬೇಕಾದರೆ ಯಾವುದನ್ನು ಕತ್ತರಿಸುತ್ತಾರೆ? ಪ್ರತಿ ಸಲವೂ ಮೀ ಸನ್ ಅನ್ನೇ. ಬಾ ನಾದಲ್ಲಿ ಫೋಟೋ ಬೇಕು, ಹೊಯ್ ಆನ್‌ನಲ್ಲಿ ದೀಪ ಬೇಕು. ದೇವಸ್ಥಾನಕ್ಕೆ ನಲವತ್ತು ನಿಮಿಷ, ಅದೂ ನಡುಮಧ್ಯಾಹ್ನ.

ಒಂದು ಸಲ ಜೂನ್ ತಿಂಗಳಲ್ಲಿ ಹೀಗೇ ಆಯಿತು. ಬೆಳಿಗ್ಗೆ ಬೇಗ ತಲುಪಬೇಕಿತ್ತು. ದಾರಿಯಲ್ಲಿ ಒಂದು ಅಂಗಡಿ ಮುಂದೆ ಬಸ್ ನಿಲ್ಲಿಸಿ ಒಂದೂವರೆ ಗಂಟೆ ಕಳೆದರು. ನಾವು ಕಣಿವೆಗೆ ಇಳಿದಾಗ ಹನ್ನೆರಡೂವರೆ. ಆ ಜಾಗದ ಸುತ್ತ ಬೆಟ್ಟ, ಗಾಳಿ ಆಡುವುದಿಲ್ಲ, ಇಟ್ಟಿಗೆಯೆಲ್ಲ ಕಾದಿರುತ್ತದೆ. ನನ್ನ ಜೊತೆ ಬಂದಿದ್ದ ಒಬ್ಬ ತಾಯಿ ಮೊದಲ ಗುಡಿಗಳ ಗುಂಪಿನ ಹತ್ತಿರವೇ ಕುಸಿದು ಕೂತರು. ನೀರು ಕೊಟ್ಟು, ನೆರಳಿಗೆ ಕರೆತಂದು, ಅವರ ಕೈ ಹಿಡಿದು ಕೂತಿದ್ದು ನನಗೆ ಇನ್ನೂ ಮರೆತಿಲ್ಲ. ಅವತ್ತಿನಿಂದ ಹಿರಿಯರಿದ್ದರೆ ನನ್ನದು ಒಂದೇ ನಿಯಮ. ಹತ್ತು ಗಂಟೆಯೊಳಗೆ ಕಣಿವೆಯಿಂದ ಹೊರಗೆ ಬಂದಿರಬೇಕು.

ಇಷ್ಟೊಂದು ಹಟ ಯಾಕೆ ಅಂತೀರಾ? ಆ ಜಾಗ ಏನು ಅಂತ ಯಾರೂ ನಿಮಗೆ ಹೇಳಿಲ್ಲ, ಅದಕ್ಕೆ.

ಮೊದಲು ಹೆಸರು. ಅದು ‘ಮೈ ಸನ್’ ಅಲ್ಲ, ಮೀ ಸನ್. ಚೆಂದದ ಬೆಟ್ಟ ಅಂತ ಅರ್ಥ. ವಿಯೆಟ್ನಾಮೀಯರು ಈ ಕಡೆ ಬರುವ ಮೊದಲು ಇಲ್ಲಿ ಚಂಪಾ ರಾಜ್ಯ ಇತ್ತು. ಚಾಮ್ ಜನ ಆಳುತ್ತಿದ್ದರು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮ ಅನ್ನುವ ರಾಜ ಈ ಕಣಿವೆಯಲ್ಲಿ ಶಿವಲಿಂಗ ಸ್ಥಾಪಿಸಿದ. ಬನವಾಸಿಯಲ್ಲಿ ಮೊದಲ ಕದಂಬರು ಆಳುತ್ತಿದ್ದ ಕಾಲ ಅದು. ಲಿಂಗಕ್ಕೆ ಇಟ್ಟ ಹೆಸರು ಭದ್ರೇಶ್ವರ. ಆ ಗುಡಿ ಸುಟ್ಟುಹೋದ ಮೇಲೆ ಏಳನೇ ಶತಮಾನದ ಆರಂಭದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿದ. ಆಗ ದೇವರು ಶಂಭುಭದ್ರೇಶ್ವರನಾದ.

ಈ ಪದ್ಧತಿ ನಮಗೆ ಗೊತ್ತಿರುವುದೇ ಅಲ್ವಾ? ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ. ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ, ಈಗ ನಾವು ವಿರೂಪಾಕ್ಷ ಅನ್ನುವ ಗುಡಿ. ಕಟ್ಟಿಸಿದವರ ಹೆಸರಿಗೆ ಈಶ್ವರ ಸೇರುತ್ತದೆ. ಮೀ ಸನ್‌ನಲ್ಲಿ ನಿಂತು ಇದನ್ನು ಹೇಳಿದಾಗ ನಮ್ಮ ಊರಿನವರ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗೈಡ್ ಬೇಕಾಗುವುದು ಇಂಥ ಮಾತಿಗೆ. ಕೊಡೆ ಎತ್ತಿ ಹಿಡಿದು ಮುಂದೆ ನಡೆಯುವುದಕ್ಕಲ್ಲ.

ಇನ್ನೊಂದು ವಿಷಯ. ಭದ್ರವರ್ಮನ ಸಂಸ್ಕೃತ ಶಾಸನ ಈ ಕಣಿವೆಯ ನೆಲವನ್ನು ದೇವರಿಗೆ ಬಿಟ್ಟುಕೊಟ್ಟ ದಾನಶಾಸನ. ನಮ್ಮ ದತ್ತಿ ಶಾಸನಗಳಂತೆ ಅದೂ ಎಲ್ಲೆ ಹೇಳುತ್ತದೆ. ಎಲ್ಲೆಯಾಗಿ ಹೇಳುವುದು ಬೆಟ್ಟಗಳನ್ನೇ. ದಕ್ಷಿಣಕ್ಕೆ ಮಹಾಪರ್ವತ. ಗುಡಿಗಳ ಹಿಂದೆ ಚೂಪಾಗಿ ಎದ್ದು ನಿಂತಿರುವ ಶಿಖರವನ್ನೇ ಆ ಮಹಾಪರ್ವತ ಅನ್ನುತ್ತಾರೆ. ಹಾಗಾಗಿ ಸಂಸ್ಕೃತಿ ಒಂದು ಟೂರ್, ಪ್ರಕೃತಿ ಇನ್ನೊಂದು ಟೂರ್ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಇಲ್ಲಿ ಬೆಟ್ಟವೂ ದೇವಸ್ಥಾನದ ಆಸ್ತಿ.

ಏಳರಿಂದ ಹದಿಮೂರನೇ ಶತಮಾನದವರೆಗೆ ಒಬ್ಬರಾದ ಮೇಲೊಬ್ಬರು ಇಲ್ಲಿ ಗುಡಿ ಕಟ್ಟಿದರು. ನೂರಿಪ್ಪತ್ತು ವರ್ಷದ ಹಿಂದೆ ಫ್ರೆಂಚರು ಲೆಕ್ಕ ಹಾಕಿದಾಗ ಸುಮಾರು 70 ಕಟ್ಟಡ ಇದ್ದವು. ಗುಡಿಗಳ ಗುಂಪುಗಳಿಗೆ ಎ, ಬಿ, ಸಿ ಅಂತ ಅವರು ಹಾಕಿದ ಗುರುತೇ ಇವತ್ತಿಗೂ ಇದೆ. 1969ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಗಳು ಇಲ್ಲಿ ಬಾಂಬ್ ಹಾಕಿದವು. ಎಲ್ಲಕ್ಕಿಂತ ಎತ್ತರದ ಎ-1 ಗುಡಿ ಪುಡಿಯಾಯಿತು. ಈಗ ಉಳಿದಿರುವುದು ಇಪ್ಪತ್ತರಷ್ಟು. ಬಾಂಬ್ ಬಿದ್ದ ಗುಂಡಿಗಳು ಹುಲ್ಲು ಬೆಳೆದು ಹಾಗೇ ಇವೆ. ದಯವಿಟ್ಟು ಫೋಟೋಗಾಗಿ ಹಾದಿ ಬಿಟ್ಟು ಪೊದೆಗೆ ಇಳಿಯಬೇಡಿ. ಯುದ್ಧ ನಡೆದ ನೆಲ ಅದು.

1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಹೊಯ್ ಆನ್ ಕೂಡ ಅದೇ ವರ್ಷ. 2017ರಿಂದ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿನವರ ಜೊತೆ ಸೇರಿ ಎ, ಎಚ್, ಕೆ ಗುಂಪುಗಳ ಕೆಲಸ ಮಾಡಿದರು. 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲೆಯ ಮರಳುಗಲ್ಲಿನ ಲಿಂಗ ಅವರ ಕೈಗೆ ಸಿಕ್ಕಿತು. ಗೈಡ್ ನಿಮ್ಮನ್ನು ಬಿ, ಸಿ, ಡಿ ಗುಂಪಿನಿಂದಲೇ ವಾಪಸ್ ಕರೆತಂದರೆ ಒಪ್ಪಬೇಡಿ. ಎ ಗುಂಪಿಗೆ ಹೋಗಬೇಕು ಅಂತ ಕೇಳಿ.

ಗೋಡೆಯ ಹತ್ತಿರ ನಿಂತು ನೋಡಿ, ಮುಟ್ಟಬೇಡಿ. ಇಟ್ಟಿಗೆ ಇಟ್ಟಿಗೆ ನಡುವೆ ಗಾರೆ ಕಣ್ಣಿಗೆ ಕಾಣುವುದಿಲ್ಲ. ಗೋಡೆ ಕಟ್ಟಿದ ಮೇಲೆ ಅದರ ಮೇಲೇ ಕೆತ್ತಿದ್ದಾರೆ. ಮರದ ಅಂಟು ಬಳಸಿದ್ದರು ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಈಚೆಗೆ ದುರಸ್ತಿಗೆ ಹಾಕಿದ ಇಟ್ಟಿಗೆಯಲ್ಲಿ ಪಾಚಿ, ಬಿಳಿ ಉಪ್ಪು ಬಂದಿರುತ್ತದೆ. ಹಳೆಯದು ಕೆಂಪಾಗೇ ಇದೆ. ಪಾಚಿ ನೋಡಿದರೆ ಯಾವುದು ಹೊಸದು, ಯಾವುದು ಹಳೆಯದು ಅಂತ ಎಷ್ಟೋ ಕಡೆ ಊಹಿಸಬಹುದು. ಬಿ-5 ಅನ್ನುವ ಚಿಕ್ಕ ಕಟ್ಟಡದ ಮಾಡು ದೋಣಿಯಂತೆ ಬಾಗಿದೆ. ಅದು ದೇವರ ಸಾಮಾನು ಇಡುವ ಕೋಶಗೃಹ. ಅದರ ಮುಂದೆ ಹತ್ತು ನಿಮಿಷ ನಿಲ್ಲಿ.

ಈಗ ನಿಮ್ಮ ದಿನ ಹೀಗಿರಲಿ. ಮೂರರಲ್ಲಿ ಎರಡು ರಾತ್ರಿಯನ್ನು ಹೊಯ್ ಆನ್‌ಗೆ ಬದಲಾಯಿಸಿ. ಬೆಳಿಗ್ಗೆ ಐದಕ್ಕೆ ಹೊರಡುವ ಟೂರ್ ಹಿಡಿಯಿರಿ. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಗೇಟಿನಿಂದ ಗುಡಿಗಳ ಹತ್ತಿರಕ್ಕೆ ಬ್ಯಾಟರಿ ಗಾಡಿ ಇದೆ, ಅಪ್ಪ ಅಮ್ಮ ಅಷ್ಟು ದೂರ ನಡೆಯಬೇಕಾಗಿಲ್ಲ. ವಾಪಸ್ ಬರುವಾಗ ಸ್ವಲ್ಪ ದೂರ ಥು ಬೊನ್ ನದಿಯಲ್ಲಿ ದೋಣಿಯಲ್ಲಿ ಬರುವ ಟೂರ್ ಇದ್ದರೆ ಅದನ್ನೇ ಆರಿಸಿ. ಚಂಪಾದ ರಾಜರಿಗೆ ಕಡಲಿನಿಂದ ಒಳನಾಡಿಗೆ ದಾರಿ ಇದೇ ನದಿ. ಲೈಫ್ ಜಾಕೆಟ್ ಹಾಕಿಕೊಳ್ಳದೆ ಹತ್ತಬೇಡಿ, ಸೆಖೆ ಅಂತ ಬಿಚ್ಚಲೂಬೇಡಿ. 2022ರ ಫೆಬ್ರವರಿಯಲ್ಲಿ ಹೊಯ್ ಆನ್ ಪಕ್ಕದ ಕುವಾ ದಾಯಿ ಕಡಲಿನಲ್ಲಿ ಪ್ರವಾಸಿಗರ ದೋಣಿ ಮಗುಚಿ 17 ಜನ ಸತ್ತರು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಬುಕ್ ಮಾಡುವ ಮುಂಚೆ ಮೂರು ಮಾತು ಬರಹದಲ್ಲಿ ಕೇಳಿ. ಮೀ ಸನ್ ಒಳಗೆ ಎಷ್ಟು ಗಂಟೆ? ಅಂಗಡಿ ಎಷ್ಟು? ಗೈಡ್ ಹತ್ತಿರ ಸರ್ಕಾರದ ಪರವಾನಗಿ ಕಾರ್ಡ್ ಇದೆಯಾ? ಕಾರ್ಡ್ ಕುತ್ತಿಗೆಯಲ್ಲಿ ಕಾಣಬೇಕು. ಉತ್ತರ ತಪ್ಪಿಸಿದರೆ ಬೇರೆಯವರನ್ನು ನೋಡಿ.

ದಾ ನಾಂಗ್‌ನಲ್ಲಿ ಉಳಿಯುವ ಆ ಒಂದು ದಿನದಲ್ಲಿ, ಮೀ ಸನ್‌ಗೆ ಹೋಗುವ ಮೊದಲೇ, ಎರಡು ಗಂಟೆ ಚಾಮ್ ಶಿಲ್ಪ ಮ್ಯೂಸಿಯಂಗೆ ಕೊಡಿ. 1919ರಿಂದ ಇದೆ. ಮೀ ಸನ್‌ನ ಅತ್ಯುತ್ತಮ ಶಿಲ್ಪಗಳು ಈಗ ಅಲ್ಲಿವೆ. ಇ-1 ಗುಡಿಯ ಪೀಠದಲ್ಲಿ ಋಷಿಗಳು ಕೊಳಲು ಊದುವುದು, ಪಾಠ ಹೇಳುವುದು ಎಲ್ಲ ಕೆತ್ತಿದ್ದಾರೆ. ಅದನ್ನು ನೋಡಿದ ಮೇಲೆ ಖಾಲಿ ಗರ್ಭಗುಡಿ ಖಾಲಿ ಅನ್ನಿಸುವುದಿಲ್ಲ.

ಸೆಪ್ಟೆಂಬರ್‌ನಿಂದ ಡಿಸೆಂಬರ್ ಬೇಡ. ಅದು ಅಲ್ಲಿನ ಮಳೆಗಾಲ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯ್ ಆನ್ ಬೀದಿಗೇ ನೀರು ನುಗ್ಗುತ್ತದೆ. ದಸರಾ ರಜೆಯ ಪ್ಯಾಕೇಜ್ ಅಗ್ಗ ಇರುವುದು ಅದಕ್ಕೇ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು.

ಪ್ರಶ್ನೆ: ಮೀ ಸನ್ ಕಟ್ಟಿದ್ದು ನಮ್ಮ ಚೋಳರು ಅಂತ ಒಂದು ವಿಡಿಯೋ ನೋಡಿದೆ. ನಿಜವಾ?

ಸುಳ್ಳು. ರಾಜೇಂದ್ರ ಚೋಳನ ಹಡಗು ಹೋದದ್ದು 1025ರ ಸುಮಾರಿಗೆ, ಅದೂ ಸುಮಾತ್ರಾ ಕಡೆಯ ಶ್ರೀವಿಜಯ ರಾಜ್ಯದ ಮೇಲೆ. ಅಷ್ಟರಲ್ಲಿ ಮೀ ಸನ್‌ಗೆ ಆರು ಶತಮಾನ ವಯಸ್ಸಾಗಿತ್ತು. ಕಟ್ಟಿದವರು ಚಾಮ್ ಜನ. ಅವರ ಭಾಷೆ ಮಲಯ ಭಾಷೆಯ ನೆಂಟ. ಶಿವನನ್ನು, ಸಂಸ್ಕೃತವನ್ನು, ದಕ್ಷಿಣದ ಬ್ರಾಹ್ಮಿ ಲಿಪಿಯನ್ನು ಅವರು ತಾವಾಗಿ ಒಪ್ಪಿಕೊಂಡು ತಮ್ಮದು ಮಾಡಿಕೊಂಡರು. ಅವರ ವಂಶದವರು ವಿಯೆಟ್ನಾಂನಲ್ಲೇ ಬದುಕಿದ್ದಾರೆ. ಅವರ ಎದುರು ನಿಂತು ‘ಇದು ನಮ್ಮದು’ ಅನ್ನಬೇಡಿ. ನನಗೆ ತುಂಬಾ ನೋವಾಗುತ್ತದೆ.

ಪ್ರಶ್ನೆ: ಬಾ ನಾದ ಗೋಲ್ಡನ್ ಬ್ರಿಡ್ಜ್ ಹಿಡಿದಿರುವ ಕಲ್ಲಿನ ಕೈಗಳು ಎಷ್ಟು ಹಳೆಯವು?

2018ರ ಜೂನ್‌ನಲ್ಲಿ ತೆರೆದ ಸೇತುವೆ ಅದು. ಕಲ್ಲಲ್ಲ, ತಂತಿ ಬಲೆ ಮತ್ತು ಫೈಬರ್‌ಗ್ಲಾಸ್.

ಪ್ರಶ್ನೆ: ಮಾರ್ಬಲ್ ಬೆಟ್ಟದ ಕಲ್ಲಿನದೇ ಗಣಪತಿ ಕೊಡಿಸುತ್ತೇನೆ ಅಂತ ಗೈಡ್ ಹೇಳಿದರೆ?

ಆ ಬೆಟ್ಟದ ಕಲ್ಲು ಒಡೆಯುವುದು ನಿಂತು ಎಷ್ಟೋ ವರ್ಷವಾಯಿತು. ಕಲ್ಲು ಬೇರೆ ಕಡೆಯಿಂದ ಬರುತ್ತದೆ. ಕೆತ್ತನೆ ಇಷ್ಟವಾದರೆ ಕೊಳ್ಳಿ, ಕಥೆಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಟೂರ್‌ನ ಊಟ ನಂಬಬಹುದಾ?

‘ವೆಜಿಟೇರಿಯನ್’ ಅಂದರೆ ಸಾಲದು. ಮೀನಿನ ಸಾರ ನುಕ್ ಮಾಮ್ ಅವರಿಗೆ ನಮ್ಮ ಉಪ್ಪಿನಂತೆ, ತರಕಾರಿಗೂ ಬೀಳುತ್ತದೆ. ‘ಅನ್ ಚಾಯ್’ ಅನ್ನಿ. ಅದು ಬೌದ್ಧರ ಸಸ್ಯಾಹಾರ, ಮೀನಿನ ಸಾರವೂ ಇರುವುದಿಲ್ಲ. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಕ್ಯಾಲೆಂಡರ್ ನೋಡಿ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿಗೆ ದಿನ ಇಟ್ಟುಕೊಂಡರೆ ಊಟ ಸಲೀಸು. ಹುಣ್ಣಿಮೆಯ ಹಿಂದಿನ ರಾತ್ರಿ ಹೊಯ್ ಆನ್‌ನಲ್ಲಿ ದೀಪದ ಹಬ್ಬವೂ ಸಿಗುತ್ತದೆ.

ಪ್ರಶ್ನೆ: ಮಂಡಿ ನೋವಿಗೆ ಅಲ್ಲಿನ ನಾಗರಹಾವಿನ ಸಾರಾಯಿ ರಾಮಬಾಣವಂತೆ. ತರಬಹುದಾ?

ತರಬೇಡಿ, ಕುಡಿಯಬೇಡಿ. ಅದು ಮದ್ದಲ್ಲ, ಸತ್ತ ಹಾವು ನೆನೆಸಿದ ಸಾರಾಯಿ. ಟೂರ್‌ನವರು ಅಂಥ ಅಂಗಡಿಗೆ ಕರೆದುಕೊಂಡು ಹೋದರೆ ಬಸ್ಸಿನಿಂದ ಇಳಿಯಲೇಬೇಡಿ. ನಾಗರಹಾವು ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ. ಬಾಟಲಿ ಹಿಡಿದು ಬೆಂಗಳೂರಿನಲ್ಲಿ ಇಳಿದರೆ ಉತ್ತರ ಕೊಡಬೇಕಾದವರು ನೀವು, ಮಾರಿದವನಲ್ಲ. ಮಂಡಿ ನೋವಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ವೀಸಾಗೆ ಏಜೆಂಟ್ ಆರು ಸಾವಿರ ಕೇಳುತ್ತಿದ್ದಾರೆ.

ಒಂದು ಸಲದ ಪ್ರವೇಶಕ್ಕೆ ಸರ್ಕಾರದ ಶುಲ್ಕ 25 ಡಾಲರ್. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ವಿಎನ್’ ಇರುವ ತಾಣದಲ್ಲಿ ನೀವೇ ಹಾಕಿ. ಇನಿಷಿಯಲ್ ಬಿಡಿಸಿ ಬರೆಯಲು ಹೋಗಬೇಡಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಇರಲಿ.

ಪ್ರಶ್ನೆ: ನೋಟಿನಲ್ಲಿ ಮೋಸ ಹೋಗುತ್ತೇವಾ?

ಅಲ್ಲಿನ ದುಡ್ಡು ಡಾಂಗ್. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡಿ.

ಪ್ರಶ್ನೆ: ಮೀ ಸನ್‌ನ ಲಿಂಗಕ್ಕೆ ಹಾಲೆರೆದು ಪೂಜೆ ಮಾಡಬಹುದಾ? ಮನೆಯಿಂದ ವಿಭೂತಿ, ಬಿಲ್ವ ತರುತ್ತೇವೆ.

ಬೇಡ. ಬಾಟಲಿ ನೀರು ಸುರಿದು ಕುಂಕುಮ ಹಚ್ಚಿದವರನ್ನು ನಾನೇ ತಡೆದಿದ್ದೇನೆ. ಸಾವಿರ ವರ್ಷದ ಮರಳುಗಲ್ಲು ಒದ್ದೆಯಾದರೆ ಹಾಳಾಗುತ್ತದೆ. ಅಲ್ಲಿ ಪೂಜೆ ನಿಂತು ಶತಮಾನಗಳಾಗಿವೆ. ಕೈ ಮುಗಿಯಿರಿ, ಸಾಕು. ಪೂಜೆ ನಡೆಯುವ ಚಾಮ್ ಗುಡಿಯೇ ಬೇಕು ಅಂದರೆ ರೈಲಿನಲ್ಲಿ ಒಂದು ರಾತ್ರಿ ದಕ್ಷಿಣಕ್ಕೆ ಹೋಗಿ. ನ್ಯಾ ಚಾಂಗ್‌ನಲ್ಲಿ ಪೋ ನಗರ್ ದೇವಿಯ ಗುಡಿ ಇದೆ. ಒಳಗೆ ದೀಪ, ಹೂವು, ಊದುಬತ್ತಿ ಎಲ್ಲ ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ನಮ್ಮಲ್ಲಿ ಹೇಗೋ ಹಾಗೇ.